ಉದುರಿದ ಗರಿಯಿಂದ ರಣಹದ್ದಿನ ವಂಶ ಓದಿದ್ದು: ನನ್ನ ಅನುಭವ

ರಣಹದ್ದುಗಳ ಡಿಎನ್‌ಎ ಮೇಲೆ ಕೆಲಸ ಮಾಡುತ್ತೇನೆ ಅಂದರೆ ಸಾಕು, ಹಕ್ಕಿ ಹಿಡಿದು ರಕ್ತ ತೆಗೆಯುತ್ತೀರಾ ಅಂತ ಕೇಳುತ್ತಾರೆ. ಇಲ್ಲ, ನಾನು ಒಂದು ಹಕ್ಕಿಯನ್ನೂ ಮುಟ್ಟಿಲ್ಲ. ನನಗೆ ಬೇಕಾದದ್ದೆಲ್ಲ ಸಿಕ್ಕಿದ್ದು ತಾನಾಗಿ ಉದುರಿ ಬಂಡೆಯ ಬುಡದಲ್ಲಿ ಬಿದ್ದ ಗರಿಗಳಿಂದ. ಈ ಹಕ್ಕಿಗಳಲ್ಲಿ ಇನ್ನೂ ಎಷ್ಟು ತಳಿ ವೈವಿಧ್ಯ ಉಳಿದಿದೆ, ದೂರ ದೂರದ ಬಂಡೆಗಳಲ್ಲಿ ಇರುವವು ಒಂದೇ ಬಳಗವಾ ಬೇರೆ ಬೇರೆಯಾ ಅನ್ನೋದನ್ನು ಆ ಗರಿಗಳಿಂದ ಹೇಗೆ ತಿಳಿದುಕೊಂಡೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಪ್ರಬಂಧಗಳಲ್ಲಿ ಎರಡು ಸಾಲಿನಲ್ಲಿ ಮುಗಿದುಹೋಗುವ ವಿಷಯಗಳೇ ಕೈಯಾರೆ ಮಾಡುವಾಗ ತಿಂಗಳುಗಟ್ಟಲೆ ಹಿಡಿಯುತ್ತವೆ. ಅವನ್ನೇ ಜಾಸ್ತಿ ಬರೆಯುತ್ತೇನೆ.

ನಾನು ನೋಡಿದ್ದು ಉದ್ದ ಕೊಕ್ಕಿನ ರಣಹದ್ದನ್ನು. ಗಂಗಾ ಬಯಲಿನ ದಕ್ಷಿಣಕ್ಕೆ, ಮುಖ್ಯವಾಗಿ ಬಂಡೆಗಳ ಮೇಲೆ ಗೂಡು ಮಾಡುವ ಹಕ್ಕಿ. ನಮ್ಮ ಕರ್ನಾಟಕದಲ್ಲಿ ರಾಮನಗರದ ರಾಮದೇವರ ಬೆಟ್ಟ ಇದರ ಹೆಸರಾಂತ ಜಾಗ, 2012ರಲ್ಲಿ ಅದನ್ನು ರಣಹದ್ದುಗಳಿಗಾಗಿಯೇ ವನ್ಯಧಾಮ ಅಂತ ಘೋಷಿಸಿದರು. ನಾನು ಗರಿ ಆಯ್ದ ಬಂಡೆಗಳು ಯಾವುವು ಅಂತ ಮಾತ್ರ ಬರೆಯುವುದಿಲ್ಲ. ಗೂಡಿನ ಜಾಗ ಹೆಚ್ಚು ಜನಕ್ಕೆ ಗೊತ್ತಾದಷ್ಟೂ ಹಕ್ಕಿಗೇ ತೊಂದರೆ.

ಹಿನ್ನೆಲೆ ಬಹಳ ಜನಕ್ಕೆ ಗೊತ್ತಿದೆ, ಆದರೂ ಚುಟುಕಾಗಿ ಹೇಳುತ್ತೇನೆ. 1992ರಿಂದ 2007ರ ನಡುವೆ ಭಾರತದಲ್ಲಿ ಬಿಳಿ ಬೆನ್ನಿನ ರಣಹದ್ದುಗಳು ಶೇಕಡಾ 99.9ರಷ್ಟು ಕಡಿಮೆಯಾದವು. ಉದ್ದ ಕೊಕ್ಕಿನವು ಮತ್ತು ತೆಳು ಕೊಕ್ಕಿನವು ಸೇರಿ ಸುಮಾರು ಶೇಕಡಾ 97ರಷ್ಟು. ದನಗಳಿಗೆ ನೋವು ಕಡಿಮೆಯಾಗಲಿ ಅಂತ ಕೊಡುತ್ತಿದ್ದ ಡೈಕ್ಲೋಫೆನಾಕ್ ಇದಕ್ಕೆ ಕಾರಣ. ಆ ಔಷಧಿ ಇರುವ ದನ ಸತ್ತು, ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು, ಕೆಲವೇ ದಿನಗಳಲ್ಲಿ ಹಕ್ಕಿ ಸಾಯುತ್ತಿತ್ತು. ಕಾರಣ ಪತ್ತೆಯಾದದ್ದು 2004ರಲ್ಲಿ. ದನಗಳಿಗೆ ಅದನ್ನು ಕೊಡುವುದನ್ನು 2006ರಲ್ಲಿ ನಿಷೇಧಿಸಿದರು. ಮನುಷ್ಯರಿಗೆ ಅಂತ ಬರುತ್ತಿದ್ದ ದೊಡ್ಡ ಬಾಟಲಿಗಳನ್ನೇ ದನಕ್ಕೂ ಚುಚ್ಚುತ್ತಿದ್ದರು ಅಂತ 2015ರಲ್ಲಿ ಅದರ ಗಾತ್ರವನ್ನೂ 3 ಮಿಲಿಲೀಟರ್‌ಗೆ ಇಳಿಸಿದರು. 2023ರಲ್ಲಿ ಕೀಟೋಪ್ರೊಫೆನ್ ಮತ್ತು ಅಸೆಕ್ಲೋಫೆನಾಕ್ ಅನ್ನೋ ನೋವಿನ ಔಷಧಿಗಳು ಕೂಡ ದನಗಳಿಗೆ ನಿಷೇಧವಾದವು.

ಹಾಗಾದರೆ ಉಳಿದ ಹಕ್ಕಿಗಳ ಜೀನ್ ಯಾಕೆ ನೋಡಬೇಕು? ಎರಡು ಕಾರಣ. ಹರಿಯಾಣದ ಪಿಂಜೋರ್‌ನಂಥ ಕೇಂದ್ರಗಳಲ್ಲಿ ರಣಹದ್ದುಗಳನ್ನು ಸಾಕಿ ಮರಿ ಮಾಡಿಸಿ ಹೊರಗೆ ಬಿಡುತ್ತಿದ್ದಾರೆ. ಎಲ್ಲಿಯ ಹಕ್ಕಿಯನ್ನು ಎಲ್ಲಿ ಬಿಡಬಹುದು ಅಂತ ಹೇಳಬೇಕಾದರೆ ಇವೆಲ್ಲ ಒಂದೇ ಬಳಗ ಹೌದೋ ಅಲ್ಲವೋ ಗೊತ್ತಿರಬೇಕು. ಇನ್ನೊಂದು, ಒಂದು ಬಂಡೆಯಲ್ಲಿ ಬೆರಳೆಣಿಕೆಯ ಜೋಡಿಗಳು ಮಾತ್ರ ಉಳಿದಿದ್ದರೆ ಮುಂದಿನ ಮರಿಗಳು ಹತ್ತಿರದ ಸಂಬಂಧದಲ್ಲೇ ಜೋಡಿಯಾಗುವ ಅಪಾಯ ಇದೆ. ಅದು ಈಗಾಗಲೇ ಶುರುವಾಗಿದೆಯಾ ಅನ್ನೋದು ಹೊರಗಿನಿಂದ ಎಷ್ಟು ನೋಡಿದರೂ ಕಾಣುವುದಿಲ್ಲ.

ಗರಿ ಆಯುವುದಕ್ಕೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ರಣಹದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ. ನೆಲದ ಮೇಲೆ ಬಿದ್ದದ್ದು ತಾನೇ ಅಂತ ಸುಮ್ನೆ ಎತ್ತಿಕೊಂಡು ಬರುವ ಹಾಗಿಲ್ಲ. ಅರ್ಜಿಯಲ್ಲಿ ಯಾವ ತಿಂಗಳು, ಯಾವ ಜಾಗ, ಯಾರು ಯಾರು ಬರುತ್ತೇವೆ, ಗರಿ ಕೊನೆಗೆ ಎಲ್ಲಿ ಇರುತ್ತದೆ ಅಂತ ಎಲ್ಲ ಬರೆದು ಕೊಡಬೇಕು. ಬೇರೆ ದೇಶದ ಪ್ರಯೋಗಾಲಯಕ್ಕೆ ಕಳಿಸಬೇಕೆಂದರೆ ಸೈಟಿಸ್ (ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಒಪ್ಪಂದ) ಕಾಗದಪತ್ರ ಬೇರೆ. ಹಾಗಾಗಿ ಎಲ್ಲ ಕೆಲಸ ದೇಶದ ಒಳಗೇ ಮಾಡುವುದು ಅಂತ ಮೊದಲೇ ನಿರ್ಧರಿಸಿದ್ದೆ.

ಇನ್ನು ಸಮಯ. ಉದ್ದ ಕೊಕ್ಕಿನ ರಣಹದ್ದು ಮಳೆಗಾಲ ಮುಗಿದ ಮೇಲೆ ಗೂಡು ಕಟ್ಟುತ್ತದೆ, ವರ್ಷಕ್ಕೆ ಒಂದೇ ಮೊಟ್ಟೆ, ಮರಿ ಹಾರುವಷ್ಟು ಬೆಳೆಯುವುದು ಬೇಸಿಗೆಯಲ್ಲಿ. ಗೂಡಿನಲ್ಲಿ ಮರಿ ಇರುವಾಗ ಬಂಡೆಯ ಬುಡಕ್ಕೆ ಹೋಗಿ ಓಡಾಡಿದರೆ ತಂದೆತಾಯಿ ಗಾಬರಿಯಾಗಿ ಎದ್ದು ಹಾರಬಹುದು, ಮರಿ ಬಿಸಿಲಿಗೆ ಬೀಳಬಹುದು. ಮಳೆ ಶುರುವಾದರೆ ಗರಿ ನೆಂದು, ಬೂಸ್ಟು ಹಿಡಿದು, ಒಳಗಿನ ಡಿಎನ್‌ಎ ಚೂರುಚೂರಾಗುತ್ತದೆ. ಅಂದರೆ ಮರಿ ಹಾರಿದ ಮೇಲೆ, ಮಳೆ ಬರುವ ಮೊದಲು ಸಿಗುವ ಚಿಕ್ಕ ಅವಧಿಯೇ ನಮಗೆ ಒಳ್ಳೆಯ ಕಾಲ. ಆ ಸಮಯದಲ್ಲಿ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳುತ್ತಿರಲಿಲ್ಲ.

ಯಾವ ಗರಿ ಎತ್ತಬೇಕು ಅನ್ನೋದು ನೋಡುತ್ತಾ ನೋಡುತ್ತಾ ಗೊತ್ತಾಗುತ್ತದೆ. ರೆಕ್ಕೆಯ ಮತ್ತು ಬಾಲದ ದೊಡ್ಡ ಗರಿಗಳೇ ಒಳ್ಳೆಯವು, ಮೈಮೇಲಿನ ಸಣ್ಣ ಪುಕ್ಕಗಳಲ್ಲಿ ಡಿಎನ್‌ಎ ತೀರಾ ಕಡಿಮೆ. ಹೊಸದಾಗಿ ಬಿದ್ದದ್ದಾದರೆ ಬಣ್ಣ ಗಾಢವಾಗಿರುತ್ತದೆ, ಅಂಚು ಹರಿದಿರುವುದಿಲ್ಲ, ದಂಟಿನ ತುದಿ ಸ್ವಚ್ಛವಾಗಿರುತ್ತದೆ. ಬಿಸಿಲಿಗೆ ಒಂದು ಬೇಸಿಗೆ ಬಿದ್ದಿದ್ದ ಗರಿ ಕಂದಿಹೋಗಿ ಬಿಳಿಚಿಕೊಂಡು ಒರಟಾಗಿರುತ್ತದೆ. ಅಂಥದ್ದನ್ನೂ ಎತ್ತುತ್ತಿದ್ದೆ, ಆದರೆ ಲಕೋಟೆಯ ಮೇಲೆ 'ಹಳೆಯದು' ಅಂತ ಗುರುತು ಹಾಕಿ. ಪ್ರತಿ ಗರಿಗೂ ಬೇರೆ ಕಾಗದದ ಲಕೋಟೆ, ಕೈಗೆ ಹೊಸ ಗ್ಲೌಸ್. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ, ಒಳಗೆ ಬೆವರುತ್ತದೆ. ಲಕೋಟೆಗಳನ್ನೆಲ್ಲ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಹಾಕಿ, ಪ್ರಯೋಗಾಲಯಕ್ಕೆ ಬಂದ ಮೇಲೆ ಮೈನಸ್ 20 ಡಿಗ್ರಿಯ ಫ್ರೀಜರ್‌ಗೆ. ಬರೆಯುವುದು ಪೆನ್ಸಿಲ್‌ನಲ್ಲಿ, ಪೆನ್ನಿನ ಶಾಯಿ ಆಲ್ಕೋಹಾಲ್ ತಗುಲಿದರೆ ಅಳಿಸಿಹೋಗುತ್ತದೆ.

ಈಗ ಗರಿಯ ಒಳಗೆ ಡಿಎನ್‌ಎ ಎಲ್ಲಿರುತ್ತದೆ ಅಂತ ಹತ್ತಿರದಿಂದ ನೋಡೋಣ. ಒಂದು ದೊಡ್ಡ ಗರಿಯನ್ನು ತಿರುಗಿಸಿ ಒಳಮೈ ಕಡೆಯಿಂದ ನೋಡಿ. ಬುಡದ ಬರಿ ದಂಟು ಮುಗಿದು ಎಳೆಗಳು ಶುರುವಾಗುವ ಕಡೆ, ದಂಟಿನ ನಡುವೆ ಸಣ್ಣ ಗುಳಿ ಕಾಣುತ್ತದೆ. ಗರಿ ಬೆಳೆಯುವಾಗ ಅದರೊಳಗೆ ರಕ್ತನಾಳ ಇತ್ತು. ಬೆಳೆದು ಮುಗಿದ ಮೇಲೆ ನಾಳ ಹಿಂದೆ ಸರಿಯುತ್ತದೆ, ಆ ಗುಳಿಯ ಹತ್ತಿರ ಒಂದಿಷ್ಟು ರಕ್ತ ಒಣಗಿ ಹೆಪ್ಪಾಗಿ ಉಳಿಯುತ್ತದೆ. ಬ್ಲೇಡಿನಿಂದ ಅಲ್ಲಿ ಸೀಳಿದರೆ ಕಪ್ಪು ಕಂದು ಬಣ್ಣದ ಒಂದು ಚೂರು ಸಿಗುತ್ತದೆ, ರಾಗಿ ಕಾಳಿನಷ್ಟೂ ಇರುವುದಿಲ್ಲ. ನಮ್ಮ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರ ಇಲ್ಲ, ಹಕ್ಕಿಗಳದರಲ್ಲಿ ಇದೆ. ಅದಕ್ಕೇ ಅಷ್ಟು ಸಣ್ಣ ಚೂರಿನಲ್ಲೂ ಡಿಎನ್‌ಎ ಧಾರಾಳ. ಮೊದಲೆಲ್ಲ ದಂಟಿನ ಕೆಳತುದಿಯನ್ನು ಮಾತ್ರ ಕತ್ತರಿಸಿ ಬಳಸುತ್ತಿದ್ದರು. ಈ ಹೆಪ್ಪಿನಿಂದ ಅದಕ್ಕಿಂತ ಒಳ್ಳೆಯ ಡಿಎನ್‌ಎ ಬರುತ್ತದೆ, ಯಾಕೆಂದರೆ ತುದಿ ನೆಲದ ತೇವ ಮುಟ್ಟಿರುತ್ತದೆ, ಹೆಪ್ಪು ದಂಟಿನೊಳಗೆ ಮುಚ್ಚಿಕೊಂಡಿರುತ್ತದೆ.

ಸೀಳುವ ಮೊದಲು ಗರಿಯ ಮೇಲಿನ ಬಿಳಿ ಹಿಕ್ಕೆಯನ್ನು ಚೆನ್ನಾಗಿ ಒರೆಸಬೇಕು. ಅದರಲ್ಲಿರುವ ಯೂರಿಕ್ ಆಮ್ಲ ಮುಂದೆ ಪಿಸಿಆರ್‌ಗೆ, ಅಂದರೆ ಡಿಎನ್‌ಎಯ ಬೇಕಾದ ತುಂಡನ್ನು ನಕಲು ಮಾಡಿ ಹೆಚ್ಚಿಸುವ ಹಂತಕ್ಕೆ, ಅಡ್ಡ ಬರುತ್ತದೆ. ಆಮೇಲೆ ಚೂರನ್ನು ಪ್ರೋಟೀನ್ ಒಡೆಯುವ ಪ್ರೋಟೀನೇಸ್ ಕೆ ಇರುವ ದ್ರಾವಣದಲ್ಲಿ 56 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡುತ್ತೇನೆ. ಗರಿಯ ಕೆರಟಿನ್ ಸುಲಭಕ್ಕೆ ಕರಗುವುದಿಲ್ಲ, ಅದಕ್ಕೆ ಡಿಟಿಟಿ ಅನ್ನೋ ರಾಸಾಯನಿಕವನ್ನೂ ಸೇರಿಸಬೇಕು. ಉಳಿದದ್ದು ಡಿಎನ್‌ಎಯನ್ನು ಸಿಲಿಕಾಕ್ಕೆ ಅಂಟಿಸಿ ತೊಳೆಯುವ, ಎಲ್ಲರೂ ಮಾಡುವ ಸಿಲಿಕಾ ಕಾಲಂ ಕೆಲಸವೇ. ಕೊನೆಯಲ್ಲಿ ಡಿಎನ್‌ಎ ಇಳಿಸಿಕೊಳ್ಳುವಾಗ ದ್ರಾವಣ ಕಡಿಮೆ ಹಾಕಬೇಕು, ಇಲ್ಲದಿದ್ದರೆ ಇರುವಷ್ಟೂ ತೆಳುವಾಗಿಬಿಡುತ್ತದೆ.

ಒಂದು ಮಾತು. ಎಷ್ಟು ಡಿಎನ್‌ಎ ಬಂತು ಅಂತ ಯಂತ್ರದಲ್ಲಿ ಅಳೆದು ಖುಷಿಪಡಬೇಡಿ. ರಣಹದ್ದಿನ ಗರಿ ಅಂದರೆ ಅದರಲ್ಲಿ ಬ್ಯಾಕ್ಟೀರಿಯಾ ತುಂಬಿರುತ್ತವೆ, ಯಂತ್ರ ಎಲ್ಲವನ್ನೂ ಸೇರಿಸಿಯೇ ಲೆಕ್ಕ ಹೇಳುತ್ತದೆ. ಹಳೆಯ, ಬೂಸ್ಟು ಹಿಡಿದ ಗರಿಯಲ್ಲೇ ಅಂಕಿ ಜಾಸ್ತಿ ಬರುವುದುಂಟು. ಹಕ್ಕಿಯದು ಎಷ್ಟಿದೆ ಅಂತ ಗೊತ್ತಾಗುವುದು ಪಿಸಿಆರ್ ಮಾಡಿದ ಮೇಲೆಯೇ. ಇನ್ನೊಂದು, ಪ್ರತಿ ಸಲವೂ ಗರಿಯೇ ಇಲ್ಲದ ಒಂದು ಖಾಲಿ ಟ್ಯೂಬನ್ನು ಉಳಿದವುಗಳ ಜೊತೆಗೆ ಮೊದಲಿನಿಂದ ಕೊನೆಯವರೆಗೆ ನಡೆಸಬೇಕು. ಆ ಖಾಲಿ ಟ್ಯೂಬಿನಲ್ಲಿ ಏನಾದರೂ ಬಂದರೆ ಆ ದಿನದ ಎಲ್ಲವನ್ನೂ ಬದಿಗಿಡಬೇಕು, ಎಷ್ಟೇ ಹೊಟ್ಟೆ ಉರಿದರೂ.

ಮೊದಲು ಓದುವುದು ಮೈಟೋಕಾಂಡ್ರಿಯಾದ ಸೈಟೋಕ್ರೋಮ್ ಬಿ ಜೀನಿನ ಸಣ್ಣ ತುಂಡು. ಇದು ಯಾವ ಹಕ್ಕಿಯ ಗರಿ ಅಂತ ಖಚಿತ ಮಾಡಿಕೊಳ್ಳುವುದಕ್ಕೆ. ಒಂದೇ ಬಂಡೆಯಲ್ಲಿ ಬಿಳಿ ರಣಹದ್ದುಗಳೂ (ಈಜಿಪ್ಟಿಯನ್ ರಣಹದ್ದು) ಇರುತ್ತವೆ, ಬೇರೆ ಹದ್ದುಗಳೂ ಬಂದು ಕೂರುತ್ತವೆ. ದೊಡ್ಡ ಗರಿಯನ್ನು ಕಣ್ಣಿನಲ್ಲೇ ಹೇಳಬಹುದು, ತುಂಡಾದದ್ದನ್ನು ಹೇಳುವುದು ಕಷ್ಟ. ಬೇರೆ ಜಾತಿಯ ಒಂದೇ ಒಂದು ಗರಿ ಲೆಕ್ಕದೊಳಗೆ ನುಸುಳಿದರೂ ಮುಂದೆ 'ಬೇರೆಯೇ ಒಂದು ಗುಂಪು ಇದೆ' ಅಂತ ಸುಳ್ಳು ಫಲಿತಾಂಶ ಬರುತ್ತದೆ.

ನಿಜವಾದ ಕೆಲಸ ಇರುವುದು ಮೈಕ್ರೋಸ್ಯಾಟಲೈಟ್‌ಗಳಲ್ಲಿ. ಡಿಎನ್‌ಎಯ ಕೆಲವು ಜಾಗಗಳಲ್ಲಿ ಸಿಎ ಸಿಎ ಸಿಎ ಅಂತ ಒಂದೇ ಜೋಡಿ ಅಕ್ಷರ ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಬರುತ್ತದೆ ಅನ್ನೋದು ಹಕ್ಕಿಯಿಂದ ಹಕ್ಕಿಗೆ ಬೇರೆ. ಹಾಗಾಗಿ ತುಂಡಿನ ಉದ್ದ ಅಳೆದರೆ ಸಾಕು. ಒಂದು ಜಾಗದಲ್ಲಿ ಒಂದು ಹಕ್ಕಿಗೆ ಎರಡು ಪ್ರತಿ, ತಾಯಿಯಿಂದ ಒಂದು, ತಂದೆಯಿಂದ ಒಂದು. ಇದಕ್ಕೆ ಬೇಕಾದ ಪ್ರೈಮರ್‌ಗಳನ್ನು, ಅಂದರೆ ಪಿಸಿಆರ್ ಎಲ್ಲಿಂದ ಶುರುವಾಗಬೇಕು ಅಂತ ಗುರುತಿಸುವ ಸಣ್ಣ ಡಿಎನ್‌ಎ ತುಂಡುಗಳನ್ನು, ನಾನು ಹೊಸದಾಗಿ ಮಾಡಲಿಲ್ಲ. ಗಡ್ಡದ ರಣಹದ್ದಿಗೆ ಮತ್ತು ಯುರೋಪಿನ ಗ್ರಿಫನ್ ರಣಹದ್ದಿಗೆ ಅಂತ ಬೇರೆಯವರು ಮಾಡಿದ್ದವೇ ಇದಕ್ಕೂ ಒಗ್ಗುತ್ತವೆ. ಎಲ್ಲವೂ ಅಲ್ಲ. ಕೆಲವು ಏನೂ ತೋರಿಸಲಿಲ್ಲ, ಕೆಲವು ಎಲ್ಲ ಹಕ್ಕಿಯಲ್ಲೂ ಒಂದೇ ಉದ್ದ ತೋರಿಸಿದವು. ಅವನ್ನೆಲ್ಲ ಬಿಟ್ಟು, ಬದಲಾವಣೆ ಕಾಣುವವುಗಳನ್ನು ಉಳಿಸಿಕೊಂಡೆ.

ಗರಿಯ ಡಿಎನ್‌ಎಯಲ್ಲಿ ಬಹಳ ಎಚ್ಚರ ಬೇಕಾದ ವಿಷಯ ಇದೇ ಹಂತದಲ್ಲಿ ಬರುತ್ತದೆ. ಒಂದು ಹಕ್ಕಿಗೆ ಒಂದು ಜಾಗದಲ್ಲಿ 142 ಮತ್ತು 148 ಅಂತ ಎರಡು ಉದ್ದದ ತುಂಡುಗಳಿವೆ ಅಂದುಕೊಳ್ಳಿ. ಡಿಎನ್‌ಎ ತೀರಾ ಕಡಿಮೆ ಇದ್ದರೆ ಪಿಸಿಆರ್‌ನ ಮೊದಲ ಸುತ್ತಿನಲ್ಲಿ 142 ಮಾತ್ರ ಸಿಕ್ಕಿ, ಅದೇ ದುಪ್ಪಟ್ಟಾಗುತ್ತಾ ಹೋಗಿ, 148 ಕಾಣದೇ ಹೋಗಬಹುದು. ನಾವು ಅದನ್ನು 142, 142 ಅಂತ ಬರೆದುಕೊಳ್ಳುತ್ತೇವೆ. ಪರದೆಯ ಮೇಲೆ ಅದು ತಪ್ಪು ಅಂತ ತೋರಿಸುವ ಗುರುತು ಯಾವುದೂ ಇರುವುದಿಲ್ಲ, ಗೆರೆ ನೆಟ್ಟಗೆ ಚೆಂದವಾಗಿಯೇ ಎದ್ದಿರುತ್ತದೆ. ಇಂಥವು ಹೆಚ್ಚಾದರೆ ಹಕ್ಕಿಗಳಲ್ಲಿ ಒಳಸಂಬಂಧ ಜಾಸ್ತಿಯಾಗಿದೆ ಅಂತ ಲೆಕ್ಕ ಹೇಳುತ್ತದೆ, ಆಗಿರುವುದು ನೋಡಿದರೆ ಗರಿ ಹಳೆಯದಾಗಿರುವುದು ಅಷ್ಟೇ! ಅಳಿವಿನ ಅಂಚಿನ ಹಕ್ಕಿಯ ಬಗ್ಗೆ ಇಂಥ ಸುಳ್ಳು ಸುದ್ದಿ ಯಾರಿಗೂ ಅನುಮಾನ ತರುವುದಿಲ್ಲ. ಎಲ್ಲರೂ ಅದನ್ನೇ ನಿರೀಕ್ಷಿಸಿಕೊಂಡು ಕೂತಿರುತ್ತಾರೆ.

ಇದಕ್ಕೆ ಇರುವುದು ಒಂದೇ ದಾರಿ, ಮತ್ತೆ ಮತ್ತೆ ಮಾಡುವುದು. ಎರಡು ಉದ್ದ ಕಂಡರೆ ಎರಡು ಬೇರೆ ಪಿಸಿಆರ್‌ನಲ್ಲಿ ಅದೇ ಬಂದರೆ ಒಪ್ಪಿಕೊಳ್ಳುತ್ತಿದ್ದೆ. ಒಂದೇ ಉದ್ದ ಕಂಡರೆ ಕಡೇ ಪಕ್ಷ ಮೂರು ಸಲ ಅದೇ ಬರಬೇಕು. ಆಮೇಲೂ ಅನುಮಾನ ಇದ್ದರೆ ಆ ಜಾಗವನ್ನು ಖಾಲಿ ಬಿಡುತ್ತಿದ್ದೆ. ಖಾಲಿ ಇದ್ದರೆ ಪರವಾಗಿಲ್ಲ, ತಪ್ಪು ತುಂಬಬಾರದು. ಖರ್ಚು ಇದರಿಂದ ಮೂರು ಪಟ್ಟಾಗುತ್ತದೆ, ನಿಜ. ಹಣ ಕಡಿಮೆ ಇದ್ದರೆ ಗರಿಗಳ ಸಂಖ್ಯೆ ಕಡಿಮೆ ಮಾಡಿ, ಮರುಪರೀಕ್ಷೆ ಕಡಿಮೆ ಮಾಡಬೇಡಿ ಅಂತಲೇ ಹೇಳುತ್ತೇನೆ.

ಆಮೇಲಿನ ಪ್ರಶ್ನೆ: ಇಷ್ಟು ಗರಿ ಎಷ್ಟು ಹಕ್ಕಿಯವು? ಒಂದೇ ಹಕ್ಕಿ ಅದೇ ಬಂಡೆಯಲ್ಲಿ ಕೂತು ವರ್ಷವರ್ಷವೂ ಗರಿ ಉದುರಿಸುತ್ತದೆ. ಎಲ್ಲ ಜಾಗದಲ್ಲೂ ಒಂದೇ ಉದ್ದಗಳು ಹೊಂದಿದರೆ ಒಂದೇ ಹಕ್ಕಿ ಅಂತ ತಿಳಿಯಬೇಕು. ಆದರೆ ಒಡಹುಟ್ಟಿದ ಎರಡು ಹಕ್ಕಿಗಳು ಆಕಸ್ಮಿಕವಾಗಿ ಒಂದೇ ತರ ಇರಬಹುದಲ್ವಾ? ರಣಹದ್ದು ಜೋಡಿ ವರ್ಷಗಟ್ಟಲೆ ಒಟ್ಟಿಗೇ ಇರುತ್ತದೆ, ಹಾಗಾಗಿ ಅಲ್ಲಿ ಬೇರೆ ಬೇರೆ ವರ್ಷದಲ್ಲಿ ಹುಟ್ಟಿದ ಅಣ್ಣತಮ್ಮಂದಿರು, ಅಕ್ಕತಂಗಿಯರು ಇದ್ದೇ ಇರುತ್ತಾರೆ. ಲೆಕ್ಕ ಹೀಗೆ: ಒಂದು ಜಾಗದಲ್ಲಿ ಒಡಹುಟ್ಟಿದವು ಒಂದೇ ತರ ಕಾಣುವ ಸಾಧ್ಯತೆ 0.6 ಇದ್ದರೆ, ಅಂಥ ಹತ್ತು ಜಾಗ ಸೇರಿಸಿದಾಗ ಅದು 0.006ಕ್ಕೆ ಇಳಿಯುತ್ತದೆ. ಸಾವಿರಕ್ಕೆ ಆರು. ಇಷ್ಟಕ್ಕೆ ಬಂದ ಮೇಲೆ ನನಗೆ ಧೈರ್ಯ ಬಂತು. ಡಿಎನ್‌ಎಯ ನಾಲ್ಕೈದು ಜಾಗ ಮಾತ್ರ ನೋಡಿ ಹಕ್ಕಿ ಎಣಿಸುವುದು ಸರಿಯಲ್ಲ.

ಇದರ ಜೊತೆಗೆ ಗಂಡಾ ಹೆಣ್ಣಾ ಅನ್ನೋದನ್ನೂ ನೋಡಿದೆ. ಈ ಹಕ್ಕಿಗಳಲ್ಲಿ ಗಂಡು ಹೆಣ್ಣು ನೋಡಲು ಒಂದೇ ತರ. ಹಕ್ಕಿಗಳಲ್ಲಿ ಹೆಣ್ಣಿಗೆ ಜೆಡ್ ಮತ್ತು ಡಬ್ಲ್ಯೂ ಎರಡು ಬೇರೆ ಕ್ರೋಮೋಸೋಮ್, ಗಂಡಿಗೆ ಎರಡೂ ಜೆಡ್. ಸಿಎಚ್‌ಡಿ ಅನ್ನೋ ಜೀನ್ ಎರಡರಲ್ಲೂ ಇದೆ, ಆದರೆ ಉದ್ದ ಬೇರೆ. ಹೆಣ್ಣಾದರೆ ಎರಡು ಗೆರೆ, ಗಂಡಾದರೆ ಒಂದು. ಎಲ್ಲ ಹಕ್ಕಿಗಳಿಗೂ ಬಳಸುವ ಪ್ರಸಿದ್ಧ ಪ್ರೈಮರ್ ಜೋಡಿ ಒಂದಿದೆ, ಹದ್ದಿನ ಜಾತಿಯವಕ್ಕೆ ಅದರಲ್ಲಿ ಆ ಎರಡು ಗೆರೆಗಳು ತೀರಾ ಹತ್ತಿರ ಬಂದು, ತುಂಡುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಸಾಧಾರಣ ಜೆಲ್‌ನಲ್ಲಿ ಒಂದೇ ಆಗಿ ಕಾಣುತ್ತವೆ. ಅದಕ್ಕೆ ಉದ್ದದ ವ್ಯತ್ಯಾಸ ಹೆಚ್ಚು ತೋರಿಸುವ ಇನ್ನೊಂದು ಜೋಡಿಯನ್ನು ಬಳಸಿದೆ. ಸಾಕಣೆ ಕೇಂದ್ರದವರಿಗೆ ಜೋಡಿ ಮಾಡಿಸಲು ಈ ಒಂದು ಪರೀಕ್ಷೆಯೇ ಎಷ್ಟೋ ಉಪಕಾರ.

ಇಷ್ಟೆಲ್ಲ ಆದ ಮೇಲೆ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಮೊದಲು ಹಾರ್ಡಿ ವೈನ್‌ಬರ್ಗ್ ಲೆಕ್ಕ. ಹಕ್ಕಿಗಳು ಯಾವ ಭೇದವೂ ಇಲ್ಲದೆ ಜೋಡಿಯಾಗುತ್ತಿದ್ದರೆ ಎರಡು ಬೇರೆ ಪ್ರತಿ ಇರುವವು ಎಷ್ಟಿರಬೇಕು, ನಿಜವಾಗಿ ಎಷ್ಟಿವೆ ಅಂತ ಹೋಲಿಸುವುದು. ಕಡಿಮೆ ಬಂದರೆ ನಾಲ್ಕು ಕಾರಣ ಇರಬಹುದು. ಪ್ರೈಮರ್ ಕೆಲವು ಪ್ರತಿಗಳಿಗೆ ಅಂಟದೇ ಇರುವುದು, ಮೇಲೆ ಹೇಳಿದ ಹಾಗೆ ಒಂದು ಪ್ರತಿ ಬಿಟ್ಟುಹೋಗಿರುವುದು, ನಿಜವಾದ ಒಳಸಂಬಂಧ, ಅಥವಾ ಎರಡು ಬೇರೆ ಬಳಗಗಳನ್ನು ನಾವು ಒಂದೇ ಅಂತ ಸೇರಿಸಿಬಿಟ್ಟಿರುವುದು. ಡಿಎನ್‌ಎಯ ಒಂದೇ ಜಾಗದಲ್ಲಿ ಮಾತ್ರ ಕೊರತೆ ಕಂಡರೆ ದೋಷ ಪ್ರೈಮರ್‌ನದ್ದು, ಆ ಜಾಗವನ್ನೇ ಬಿಟ್ಟೆ. ಹಳೆಯ ಗರಿಗಳಲ್ಲಿ ಮಾತ್ರ ಕಂಡರೆ ಡಿಎನ್‌ಎಯದ್ದು. 'ಹಳೆಯದು' ಅಂತ ಲಕೋಟೆಯ ಮೇಲೆ ಬರೆದಿಟ್ಟದ್ದು ಇಲ್ಲಿ ಉಪಯೋಗಕ್ಕೆ ಬಂತು. ಎಲ್ಲ ಜಾಗಗಳಲ್ಲೂ, ಹೊಸ ಗರಿಯಲ್ಲೂ ಕಂಡರೆ ಮಾತ್ರ ಹಕ್ಕಿಗಳ ಬಗ್ಗೆ ಮಾತಾಡಬಹುದು.

ಬಳಗಗಳನ್ನು ಗುರುತಿಸಲು ಬಹಳ ಜನ ಬಳಸುವುದು ಸ್ಟ್ರಕ್ಚರ್ ಅನ್ನೋ ತಂತ್ರಾಂಶ, 2000ದಲ್ಲಿ ಪ್ರಿಚರ್ಡ್ ಮತ್ತು ಸಂಗಡಿಗರು ಪ್ರಕಟಿಸಿದ್ದು. ಎಷ್ಟು ಗುಂಪು ಅಂತ ನಾವು ಒಂದು ಸಂಖ್ಯೆ ಕೊಡಬೇಕು, ಅದನ್ನು ಕೆ ಅನ್ನುತ್ತಾರೆ. ಒಂದು, ಎರಡು, ಮೂರು ಅಂತ ಕೊಡುತ್ತಾ ಹೋದರೆ ಅದು ಹಕ್ಕಿಗಳನ್ನು ಅಷ್ಟು ಗುಂಪಿಗೆ ಹಂಚಿ ಬಣ್ಣದ ಪಟ್ಟಿ ತೋರಿಸುತ್ತದೆ. ಯಾವ ಕೆ ಸರಿ ಅಂತ ಆರಿಸಲು 2005ರಲ್ಲಿ ಬಂದ ಡೆಲ್ಟಾ ಕೆ ವಿಧಾನವನ್ನು ಕಣ್ಣು ಮುಚ್ಚಿಕೊಂಡು ಬಳಸುವುದು ರೂಢಿಯಾಗಿದೆ. ಅದರ ಲೆಕ್ಕದ ರೀತಿ ಹೇಗಿದೆ ಅಂದರೆ, 'ಒಂದೇ ಗುಂಪು' ಅನ್ನೋ ಉತ್ತರ ಅದರಿಂದ ಬರಲು ಸಾಧ್ಯವೇ ಇಲ್ಲ. ಹಿಂದಿನ ಕೆ ಜೊತೆ ಹೋಲಿಸಿಯೇ ಅದು ಲೆಕ್ಕ ಮಾಡುವುದು, ಒಂದಕ್ಕೆ ಹಿಂದೆ ಏನಿದೆ? ಆದ್ದರಿಂದ ಎಲ್ಲ ಹಕ್ಕಿಗಳೂ ಒಂದೇ ಬಳಗವಾಗಿದ್ದರೂ ಅದು ಎರಡು ಅಥವಾ ಮೂರು ಅಂತಲೇ ಹೇಳುತ್ತದೆ.

ನನ್ನ ಗರಿಗಳಲ್ಲೂ ಮೊದಲ ಸುತ್ತಿಗೆ ಚೆಂದದ ಗುಂಪುಗಳು ಬಂದವು. ಒಂದು ಬಂಡೆಯ ಹಕ್ಕಿಗಳು ಒಂದು ಬಣ್ಣ, ಉಳಿದವು ಇನ್ನೊಂದು ಬಣ್ಣ. ನೋಡಿದವರೆಲ್ಲ ಇದು ಬೇರೆ ಬಳಗ ಅಂದರು. ನಾನು ಆ ಬಂಡೆಯ ಹಕ್ಕಿಗಳ ನಡುವಿನ ಸಂಬಂಧವನ್ನು ಬೇರೆಯಾಗಿ ಲೆಕ್ಕ ಮಾಡಿದೆ. ಬಹುಪಾಲು ಒಂದೆರಡು ಕುಟುಂಬದವು, ತಂದೆತಾಯಿ ಮತ್ತು ಮರಿಗಳು. ಒಂದು ಗೂಡಿನ ಕೆಳಗೆ ಗರಿ ಆಯ್ದರೆ ಸಿಗುವುದು ಒಂದು ಮನೆಯವರದ್ದೇ ಅಲ್ವಾ. ತಂತ್ರಾಂಶ ಕುಟುಂಬವನ್ನೇ ಬಳಗ ಅಂತ ತಿಳಿಯುತ್ತದೆ, ಇದು ಅದರ ಹೆಸರಾಂತ ದೌರ್ಬಲ್ಯ. ಪ್ರತಿ ಕುಟುಂಬದಿಂದ ಒಂದೊಂದನ್ನು ಉಳಿಸಿಕೊಂಡು, ಬಂಡೆಬಂಡೆಗೂ ಹಕ್ಕಿಗಳ ಸಂಖ್ಯೆಯನ್ನು ಆದಷ್ಟು ಸಮ ಮಾಡಿ ಮತ್ತೆ ನಡೆಸಿದಾಗ ಆ ಬಣ್ಣಗಳು ಕಲಸಿಹೋದವು. ಪ್ರತಿ ಹಕ್ಕಿಯಲ್ಲೂ ಎರಡೂ ಬಣ್ಣ ಅರ್ಧ ಅರ್ಧ. ಕೆ ಒಂದು ಅಂತ ಹೇಳುವ ನೋಟ ಅದೇ. ಬಳಗಗಳ ನಡುವಿನ ವ್ಯತ್ಯಾಸ ಅಳೆಯುವ ಎಫ್‌ಎಸ್‌ಟಿ ಸೊನ್ನೆಯ ಹತ್ತಿರ ಬಂತು, ದೂರ ಹೆಚ್ಚಿದ ಹಾಗೆ ವ್ಯತ್ಯಾಸ ಹೆಚ್ಚುತ್ತದಾ ಅಂತ ನೋಡಿದೆ, ಅಂಥ ಸ್ಪಷ್ಟ ಒಲವೇನೂ ಕಾಣಲಿಲ್ಲ.

ಇದು ನಂಬುವಂಥ ಉತ್ತರವೇ. ಆಹಾರ ಹುಡುಕುತ್ತಾ ದಿನಕ್ಕೆ ನೂರಾರು ಕಿಲೋಮೀಟರ್ ಹಾರಬಲ್ಲ ಹಕ್ಕಿ ಇದು. ಮರಿಗಳು ದೊಡ್ಡವಾಗಿ ಜೋಡಿಯಾಗುವ ತನಕ ಸುಮಾರು ಐದು ವರ್ಷ ಎಲ್ಲೆಲ್ಲೋ ಅಲೆಯುತ್ತವೆ. ಆ ವರ್ಷಗಳಲ್ಲಿ ಕೆಲವೇ ಹಕ್ಕಿಗಳು ಬೇರೆ ಬಂಡೆಗೆ ಹೋಗಿ ನೆಲೆಸಿದರೂ ಬಳಗಗಳು ಬೇರೆಯಾಗದ ಹಾಗೆ ಇರಲು ಸಾಕು. ಆದರೆ ಇದರಲ್ಲೇ ಇನ್ನೊಂದು ವಿಷಯ ಇದೆ. ಜೀನ್ ತೋರಿಸುತ್ತಿರುವುದು ಹಕ್ಕಿಗಳು ಲಕ್ಷಗಟ್ಟಲೆ ಇದ್ದು ಎಲ್ಲೆಡೆ ಓಡಾಡುತ್ತಿದ್ದ ಕಾಲದ ನೆನಪನ್ನು. ಇವತ್ತು ಆ ಬಂಡೆಗಳ ನಡುವೆ ಹಕ್ಕಿ ಹೋಗಿ ಬರುತ್ತಿದೆಯಾ ಅನ್ನೋದಕ್ಕೆ ಅದು ಉತ್ತರ ಕೊಡುವುದಿಲ್ಲ. ಅದಕ್ಕೆ ಉಪಗ್ರಹದ ಟ್ಯಾಗ್ ಬೇಕು, ಅಥವಾ ಒಂದು ಬಂಡೆಯಲ್ಲಿ ಗುರುತಾದ ಹಕ್ಕಿಯ ಗರಿ ಇನ್ನೊಂದು ಬಂಡೆಯಲ್ಲಿ ಸಿಗಬೇಕು.

ಇದೇ ಕಾಲದ ಅಂತರ ವೈವಿಧ್ಯದ ವಿಷಯದಲ್ಲಿ ಇನ್ನೂ ಮುಖ್ಯ. ನನಗೆ ಸಿಕ್ಕ ಹೆಟೆರೋಜೈಗೋಸಿಟಿ, ಅಂದರೆ ಎರಡು ಬೇರೆ ಪ್ರತಿ ಇರುವ ಪ್ರಮಾಣ, ಅಷ್ಟೇನೂ ಕಡಿಮೆ ಇರಲಿಲ್ಲ. ಇದನ್ನು ಹೇಳಿದಾಗ ಸಭೆಗಳಲ್ಲಿ ಸಮಾಧಾನದ ಉಸಿರು ಬಿಡುತ್ತಾರೆ. ನನಗೆ ಸಮಾಧಾನವಾಗುವುದಿಲ್ಲ. ಒಂದು ಲೆಕ್ಕ ನೋಡಿ. ದೊಡ್ಡ ಬಳಗದಿಂದ 20 ಹಕ್ಕಿಗಳು ಮಾತ್ರ ಉಳಿದವು ಅಂದುಕೊಳ್ಳೋಣ. ಒಂದು ತಲೆಮಾರಿನಲ್ಲಿ ಹೆಟೆರೋಜೈಗೋಸಿಟಿ ಕಡಿಮೆಯಾಗುವುದು ನಲವತ್ತರಲ್ಲಿ ಒಂದು ಭಾಗ, ಶೇಕಡಾ 2.5 ಅಷ್ಟೇ. ಆದರೆ ಮೊದಲು ಶೇಕಡಾ 2ರಷ್ಟು ಇದ್ದ ಒಂದು ಅಪರೂಪದ ಅಲೀಲ್ (ಡಿಎನ್‌ಎಯ ಒಂದು ಜಾಗದಲ್ಲಿ ಕಾಣುವ ಬೇರೆ ಬೇರೆ ರೂಪಗಳಲ್ಲಿ ಒಂದು) ಆ 20 ಹಕ್ಕಿಗಳಲ್ಲಿ ಯಾವುದರಲ್ಲೂ ಇಲ್ಲದೇ ಹೋಗುವ ಸಾಧ್ಯತೆ ನೂರಕ್ಕೆ 45ರ ಹತ್ತಿರ. ಒಂದು ಅಂಕಿ ಅಲುಗಾಡಿರುವುದಿಲ್ಲ, ಇನ್ನೊಂದು ಕಡೆ ಅರ್ಧದಷ್ಟು ಅಪರೂಪದ ಅಲೀಲ್‌ಗಳು ಹೋಗಿಬಿಟ್ಟಿರುತ್ತವೆ. ಮುಂದೆ ಯಾವುದೋ ಹೊಸ ರೋಗ ಬಂದಾಗ ಬೇಕಾಗುವುದು ಅಂಥ ಅಪರೂಪದ್ದೇ ಇರಬಹುದು. ಆದ್ದರಿಂದ ನಾನು ಅಲೀಲ್‌ಗಳ ಸಂಖ್ಯೆಯನ್ನು ಯಾವಾಗಲೂ ಪಕ್ಕದಲ್ಲೇ ಬರೆಯುತ್ತೇನೆ, ಅದೂ ಹಕ್ಕಿಗಳ ಸಂಖ್ಯೆಗೆ ತಕ್ಕಂತೆ ಸರಿಮಾಡಿ. ಹೆಚ್ಚು ಹಕ್ಕಿ ನೋಡಿದ ಕಡೆ ಹೆಚ್ಚು ಅಲೀಲ್ ಕಾಣುವುದು ಸಹಜ ತಾನೇ.

ಇನ್ನು ತಲೆಮಾರು. ರಣಹದ್ದಿನ ಒಂದು ತಲೆಮಾರು ಅಂದರೆ ಹತ್ತು ವರ್ಷಕ್ಕಿಂತ ಹೆಚ್ಚು. ತೊಂಬತ್ತರ ದಶಕದಲ್ಲಿ ಶುರುವಾದ ಕುಸಿತದಿಂದ ಇಲ್ಲಿಗೆ ಎರಡು ಮೂರು ತಲೆಮಾರು ಆಗಿರಬಹುದು. ಈಗ ಗರಿ ಉದುರಿಸುತ್ತಿರುವ ಕೆಲವು ಹಕ್ಕಿಗಳ ಅಜ್ಜ ಅಜ್ಜಿ ಆ ಹಳೆಯ ದೊಡ್ಡ ಹಿಂಡಿನಲ್ಲೇ ಹುಟ್ಟಿದವು. ಯುರೋಪಿನ ಬಿಳಿ ಬಾಲದ ಕಡಲ ಹದ್ದು ಡಿಡಿಟಿ ಕೀಟನಾಶಕ ಮತ್ತು ಬೇಟೆಯಿಂದ ಬಹಳ ಕಡಿಮೆಯಾಗಿತ್ತು, ಆದರೂ ಅದರಲ್ಲಿ ವೈವಿಧ್ಯ ಸಾಕಷ್ಟು ಉಳಿದಿದ್ದು ಈ ದೀರ್ಘಾಯುಸ್ಸಿನಿಂದಲೇ. ಸಮಯಕ್ಕೆ ಸರಿಯಾಗಿ ಸಂಖ್ಯೆ ಮತ್ತೆ ಏರಿತು, ಅದು ಉಳಿಯಿತು. ಮಾರಿಷಸ್‌ನ ಕೆಸ್ಟ್ರಲ್ ಅನ್ನೋ ಸಣ್ಣ ಬೇಟೆ ಹಕ್ಕಿಯ ಕಥೆ ಬೇರೆ. 1974ರಲ್ಲಿ ಕಾಡಿನಲ್ಲಿ ಗೊತ್ತಿದ್ದದ್ದು ನಾಲ್ಕೇ ಹಕ್ಕಿ. ಕಷ್ಟಪಟ್ಟು ಸಾಕಿ ಬೆಳೆಸಿ ಅವು ನೂರಾರಾದವು, ಆದರೆ ಮ್ಯೂಸಿಯಂನಲ್ಲಿದ್ದ ಹಳೆಯ ಹಕ್ಕಿಗಳ ಜೊತೆ ಹೋಲಿಸಿದಾಗ ಎಷ್ಟೊಂದು ವೈವಿಧ್ಯ ಶಾಶ್ವತವಾಗಿ ಹೋಗಿದೆ ಅಂತ ಗೊತ್ತಾಯಿತು. ಸಂಖ್ಯೆ ವಾಪಸ್ ಬರುತ್ತದೆ, ಹೋದ ಅಲೀಲ್ ಬರುವುದಿಲ್ಲ. ನಮ್ಮ ರಣಹದ್ದು ಈಗ ಈ ಎರಡರ ನಡುವೆ ಎಲ್ಲೋ ಇದೆ, ಯಾವ ಕಡೆ ಹೋಗುತ್ತದೆ ಅನ್ನೋದು ಮುಂದಿನ ಒಂದೆರಡು ತಲೆಮಾರಿನಲ್ಲಿ ತೀರ್ಮಾನವಾಗುತ್ತದೆ.

ಹಾಗಾಗಿ ನನ್ನ ವರದಿಯಲ್ಲಿ ಮೊದಲ ಸಾಲೇ ಔಷಧಿಯ ಬಗ್ಗೆ ಬರೆದೆ. ದನಕ್ಕೆ ಮೆಲಾಕ್ಸಿಕಾಮ್ ಅಥವಾ ಟಾಲ್ಫೆನಾಮಿಕ್ ಆಮ್ಲ ಕೊಟ್ಟರೆ ರಣಹದ್ದಿಗೆ ಅಪಾಯ ಇಲ್ಲ ಅಂತ ಪರೀಕ್ಷೆಗಳಲ್ಲಿ ಗೊತ್ತಾಗಿದೆ. ಅದನ್ನು ಮಾಡದೆ ಬೇರೆ ಕಡೆಯ ಹಕ್ಕಿ ತಂದು ಬಿಟ್ಟರೆ ಅದೂ ಸಾಯುತ್ತದೆ. ಎರಡನೆಯದಾಗಿ, ತಳಿ ಬೇರೆ ಅನ್ನೋ ಕಾರಣಕ್ಕೆ ಹಕ್ಕಿ ಸಾಗಿಸಲು ಹೆದರಬೇಕಾಗಿಲ್ಲ, ನಾನು ನೋಡಿದ ಬಂಡೆಗಳ ಮಟ್ಟಿಗೆ. ಮೂರನೆಯದು, ಸಾಕಣೆ ಕೇಂದ್ರದ ಪ್ರತಿ ಮರಿಯ ಡಿಎನ್‌ಎಯನ್ನೂ ದಾಖಲಿಸಿಡಬೇಕು. ಕ್ಯಾಲಿಫೋರ್ನಿಯಾದ ಕಾಂಡರ್ ಅನ್ನೋ ದೊಡ್ಡ ರಣಹದ್ದುಗಳು 1982ರಲ್ಲಿ 22ಕ್ಕೆ ಇಳಿದಿದ್ದವು, 1987ರಲ್ಲಿ ಕಾಡಿನಲ್ಲಿ ಉಳಿದಿದ್ದ ಕೊನೆಯದನ್ನೂ ಹಿಡಿದು ಸಾಕಿದರು. ಅಲ್ಲಿ ಪ್ರತಿ ಹಕ್ಕಿಯ ವಂಶ ಬರೆದಿಟ್ಟಿದ್ದರಿಂದಲೇ ಯಾವುದಕ್ಕೆ ಯಾವುದನ್ನು ಜೋಡಿ ಮಾಡಬೇಕು ಅಂತ ತಿಳಿಯಿತು. ತಂದೆಯೇ ಇಲ್ಲದೆ, ತಾಯಿಯ ಜೀನ್‌ಗಳಿಂದ ಮಾತ್ರ ಎರಡು ಗಂಡು ಮರಿ ಹುಟ್ಟಿದ್ದವು ಅಂತ 2021ರಲ್ಲಿ ಪ್ರಕಟವಾದದ್ದೂ ಆ ದಾಖಲೆಗಳನ್ನು ತಿರುವಿ ಹಾಕುವಾಗಲೇ.

ಈಗ ನಾನು ಮಾಡಬೇಕೆಂದಿರುವುದು ಹಳೆಯ ಹಕ್ಕಿಗಳ ಜೊತೆ ಹೋಲಿಕೆ. ಕುಸಿತಕ್ಕೆ ಮುಂಚೆ ಸಂಗ್ರಹಿಸಿದ ರಣಹದ್ದುಗಳ ಚರ್ಮಗಳು ಮ್ಯೂಸಿಯಂಗಳಲ್ಲಿವೆ. ಪಾದದ ಬೆರಳಿನ ಕೆಳಗಿನ ದಪ್ಪ ಚರ್ಮದಿಂದ ಸಾಸಿವೆಯಷ್ಟು ಕತ್ತರಿಸಿಕೊಂಡರೆ ಡಿಎನ್‌ಎ ಸಿಗುತ್ತದೆ. ಆದರೆ ಕತ್ತರಿಸಿದ್ದು ಮತ್ತೆ ಬೆಳೆಯುವುದಿಲ್ಲ, ಮ್ಯೂಸಿಯಂನವರು ಹಿಂದೆ ಮುಂದೆ ನೋಡುವುದು ನ್ಯಾಯವೇ. ಅಂಥ ಹಳೆಯ ಡಿಎನ್‌ಎ ತುಂಬ ಚಿಕ್ಕ ಚಿಕ್ಕ ತುಂಡುಗಳಾಗಿರುತ್ತದೆ, ಸಿ ಅಕ್ಷರ ಇದ್ದ ಕಡೆ ಟಿ ಅಂತ ಓದುವ ಹಾಗೆ ಕೆಟ್ಟಿರುತ್ತದೆ. ಹೊಸ ಗರಿಗಳ ಕೆಲಸ ನಡೆಯುವ ಕೋಣೆಗೆ ಅದನ್ನು ತರುವಂತೆಯೇ ಇಲ್ಲ, ಬೇರೆ ಸ್ವಚ್ಛ ಕೋಣೆ ಬೇಕು. ಕೋಣೆ ಸಿದ್ಧವಾಗಿದೆ, ಅರ್ಜಿ ಹಾಕಿದ್ದೇನೆ. ಒಪ್ಪಿಗೆ ಬಂದರೆ ಮೊದಲು ಓದುವುದು ಮತ್ತೆ ಸೈಟೋಕ್ರೋಮ್ ಬಿ. 2001ರ ಸುಮಾರಿಗೆ ತೆಳು ಕೊಕ್ಕಿನ ರಣಹದ್ದನ್ನು ಉದ್ದ ಕೊಕ್ಕಿನದರಿಂದ ಬೇರೆ ಜಾತಿ ಅಂತ ವಿಂಗಡಿಸುವ ತನಕ ಎರಡಕ್ಕೂ ಚೀಟಿಯಲ್ಲಿ ಒಂದೇ ಹೆಸರು ಬರೆಯುತ್ತಿದ್ದರು. ಯಾವ ಚರ್ಮ ಯಾವುದರದ್ದು ಅಂತ ಬೇರ್ಪಡಿಸಿಕೊಂಡ ಮೇಲೆಯೇ ಹೋದದ್ದು ಎಷ್ಟು, ಉಳಿದದ್ದು ಎಷ್ಟು ಅನ್ನೋ ಲೆಕ್ಕಕ್ಕೆ ಕೈಹಾಕಬೇಕು.